ನೆಟ್ ಮೇಲೆ ಕೈ ಬರಬೇಕಾದರೆ: ಜಿಗಿತಕ್ಕೆ ಬೇಕಾದ ಬಲ ಕಟ್ಟುವ ಬಗೆ

ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ತುಮಕೂರು ಜಿಲ್ಲೆಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳ ಬ್ಯಾನರ್‌ಗಳು ಏಳುತ್ತವೆ. ಅದಕ್ಕೆ ಮುಂಚೆ ಹುಡುಗರು ಬಂದು ಕೇಳುವುದು ಒಂದೇ ಮಾತು: "ಸಾರ್, ಜಂಪ್ ಜಾಸ್ತಿ ಆಗ್ಬೇಕು." ಈಗ ಏನು ಮಾಡ್ತಿದ್ದೀಯಪ್ಪ ಅಂದರೆ ಉತ್ತರವೂ ಹೆಚ್ಚುಕಮ್ಮಿ ಒಂದೇ: ಬೆಳಿಗ್ಗೆ ಇನ್ನೂರು ಬಸ್ಕಿ, ಸಂಜೆ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು, ಉಳಿದ ಹೊತ್ತು ಸ್ಕಿಪ್ಪಿಂಗ್. ಇದರಲ್ಲಿ ಶ್ರಮಕ್ಕೆ ಕೊರತೆ ಇಲ್ಲ. ಆದರೆ ಇದು ಐದನೇ ಸೆಟ್‌ವರೆಗೂ ಕಾಲು ಸೋಲದಂತೆ ನೋಡಿಕೊಳ್ಳುವ ಅಭ್ಯಾಸವೇ ಹೊರತು ಎತ್ತರ ಹೆಚ್ಚಿಸುವ ಅಭ್ಯಾಸ ಅಲ್ಲ.

ಲೆಕ್ಕ ನೋಡಿ. ಪುರುಷರ ನೆಟ್ 2.43 ಮೀಟರ್, ಮಹಿಳೆಯರದು 2.24 ಮೀಟರ್. 175 ಸೆಂ.ಮೀ. ಎತ್ತರದ ಹುಡುಗ ನೆಲದ ಮೇಲೆ ನಿಂತು ಕೈ ಎತ್ತಿದರೆ ಬೆರಳ ತುದಿ ಸುಮಾರು 228 ಸೆಂ.ಮೀ.ಗೆ ಮುಟ್ಟುತ್ತದೆ. 40 ಸೆಂ.ಮೀ. ಜಿಗಿದರೆ ಬೆರಳು ನೆಟ್‌ಗಿಂತ 25 ಸೆಂ.ಮೀ. ಮೇಲೆ. ಅಷ್ಟರಲ್ಲಿ ಚೆಂಡನ್ನು ಆಚೆ ತಳ್ಳಬಹುದು, ಎದುರಾಳಿಗಳು ನೆಟ್ ಬಳಿ ಕೈ ಎತ್ತಿ ಒಡ್ಡುವ ಬ್ಲಾಕ್ ದಾಟಿಸಿ ಹೊಡೆಯುವುದು ಕಷ್ಟ. 55 ಸೆಂ.ಮೀ. ಜಿಗಿದರೆ 40 ಸೆಂ.ಮೀ. ಮೇಲೆ ಸಿಗುತ್ತದೆ. ಸ್ಮ್ಯಾಶ್ ಕೆಳಮುಖವಾಗಿ ಬೀಳುವುದು ಅಲ್ಲಿಂದ.

ಎಷ್ಟು ಎತ್ತರ ಹೋಗುತ್ತೀರಿ ಎನ್ನುವುದು ಪಾದ ನೆಲ ಬಿಡುವ ಕ್ಷಣದ ವೇಗದ ಮೇಲೆ ನಿಂತಿದೆ. 40 ಸೆಂ.ಮೀ.ಗೆ ಸೆಕೆಂಡಿಗೆ 2.8 ಮೀಟರ್ ವೇಗ ಬೇಕು, 50 ಸೆಂ.ಮೀ.ಗೆ 3.13 ಮೀಟರ್. ಈ ವೇಗ ಗಳಿಸಲು ಕಾಲಿಗೆ ಸಿಗುವ ಸಮಯ ಬಹಳ ಕಡಿಮೆ. ನಿಂತಲ್ಲಿಂದ ಜಿಗಿಯುವಾಗ ಕುಗ್ಗಿದ ಮೇಲೆ ನೆಲವನ್ನು ತಳ್ಳುವ ಹೊತ್ತು ಸುಮಾರು ಮೂರನೇ ಒಂದು ಸೆಕೆಂಡು. ಸ್ನಾಯು ತನ್ನ ಪೂರ್ತಿ ಬಲ ತೋರಿಸುವುದಕ್ಕೆ ಅಷ್ಟು ಹೊತ್ತು ಸಾಲುವುದಿಲ್ಲ. ಹಾಗಾಗಿ ಕೆಲಸ ಎರಡು: ಕಾಲಿನ ಒಟ್ಟು ಬಲ ಹೆಚ್ಚಿಸಬೇಕು, ಆಮೇಲೆ ಆ ಬಲ ಬೇಗ ಹೊರಬರುವಂತೆ ಪಳಗಿಸಬೇಕು. ಇನ್ನೂರನೇ ಬಸ್ಕಿಯಲ್ಲಿ ಬಲವೂ ಇರುವುದಿಲ್ಲ, ವೇಗವೂ ಇರುವುದಿಲ್ಲ.

ಶುರು ಮಾಡುವ ಮುಂಚೆ ಅಳತೆ ತೆಗೆದುಕೊಳ್ಳಿ. ಗೋಡೆಗೆ ಪಕ್ಕ ಕೊಟ್ಟು ನಿಂತು, ಹಿಮ್ಮಡಿ ಎತ್ತದೆ ಕೈ ಚಾಚಿ ಗುರುತು ಹಾಕಿ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಜಿಗಿದು ಇನ್ನೊಂದು ಗುರುತು ಹಾಕಿ. ಎರಡರ ನಡುವಿನ ಅಂತರವೇ ನಿಮ್ಮ ಜಿಗಿತ. ಮೂರು ಸಲ ಜಿಗಿದು ಹೆಚ್ಚಿನದನ್ನು ಬರೆದಿಡಿ. ಇಲ್ಲಿ ತಪ್ಪುವುದು ಮೊದಲ ಗುರುತಿನಲ್ಲಿ. ಭುಜವನ್ನು ಪೂರ್ತಿ ಮೇಲೆತ್ತಿ ಚಾಚದಿದ್ದರೆ ಜಿಗಿತ ನಾಲ್ಕೈದು ಸೆಂಟಿಮೀಟರ್ ಸುಮ್ಮನೆ ಹೆಚ್ಚು ಕಾಣುತ್ತದೆ.

ಮೊಬೈಲ್‌ನಲ್ಲಿ ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಫೋನನ್ನು ನೆಲಮಟ್ಟದಲ್ಲಿಟ್ಟು ಪಾದಗಳನ್ನು ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಚಿತ್ರಿಸಿ. ಬೆರಳು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ಮುಟ್ಟಿದ ಫ್ರೇಮಿನವರೆಗೆ ಎಣಿಸಿ 240ರಿಂದ ಭಾಗಿಸಿದರೆ ಗಾಳಿಯಲ್ಲಿದ್ದ ಸಮಯ ಬಂತು. ಅದನ್ನು ಅದರಿಂದಲೇ ಗುಣಿಸಿ, ಮತ್ತೆ 122.6ರಿಂದ ಗುಣಿಸಿದರೆ ಎತ್ತರ ಸೆಂಟಿಮೀಟರ್‌ನಲ್ಲಿ ಸಿಗುತ್ತದೆ. 150 ಫ್ರೇಮ್ ಬಂದರೆ 0.625 ಸೆಕೆಂಡು, ಅಂದರೆ ಸುಮಾರು 48 ಸೆಂ.ಮೀ. ಇಳಿಯುವಾಗ ಮಂಡಿ ಮಡಚಿಕೊಂಡು ಇಳಿದರೆ ಸಮಯ ಲಂಬಿಸಿ ಸುಳ್ಳು ಎತ್ತರ ಬರುತ್ತದೆ. ಕಾಲು ನೆಟ್ಟಗಿಟ್ಟು ಮುಂಗಾಲಿನ ಮೇಲೆ ಇಳಿದು, ನೆಲ ಮುಟ್ಟಿದ ಮೇಲೆ ಮಂಡಿ ಬಗ್ಗಿಸಿ.

ಇದು ಹನ್ನೆರಡು ವಾರದ ತರಬೇತಿ. ಮೊದಲ ನಾಲ್ಕು ವಾರ ಜಿಗಿಯುವುದಕ್ಕಿಂತ ಇಳಿಯುವುದನ್ನು ಕಲಿಯಬೇಕು. ಇದನ್ನು ಹುಡುಗರು ಒಪ್ಪುವುದೇ ಇಲ್ಲ, ಆದರೆ ನನ್ನ ಮಟ್ಟಿಗೆ ಇಡೀ ತರಬೇತಿಯಲ್ಲಿ ಬಿಡಲೇಬಾರದ ಭಾಗ ಇದು. 30 ಸೆಂ.ಮೀ. ಎತ್ತರದ ಕಟ್ಟೆಯಿಂದ ಹೆಜ್ಜೆ ಹಾಕಿ ಕೆಳಗಿಳಿಯಿರಿ, ಎಗರಬೇಡಿ. ಎರಡೂ ಪಾದ ಒಟ್ಟಿಗೆ ನೆಲಕ್ಕೆ ಬರಬೇಕು. ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ. ಸೊಂಟ ಹಿಂದಕ್ಕೆ, ಎದೆ ತುಸು ಮುಂದಕ್ಕೆ. ಹಾಗೇ ಎರಡು ಸೆಕೆಂಡು ಅಲುಗಾಡದೆ ನಿಲ್ಲಿ. ಒಂದು ಸುತ್ತಿಗೆ, ಅಂದರೆ ಒಂದು ಸೆಟ್‌ಗೆ, ಮೂರು ಸಲದಂತೆ ಐದು ಸೆಟ್ ಸಾಕು. ಕಣ್ಣಿಟ್ಟು ನೋಡಬೇಕಾದ್ದು ಮಂಡಿಯನ್ನು. ಮಂಡಿ ಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಎರಡೂ ಮಂಡಿ ಒಳಕ್ಕೆ ವಾಲಿ ಒಂದನ್ನೊಂದು ಮುಟ್ಟುವಂತೆ ಬಂದರೆ ಅದು ಮಂಡಿಯೊಳಗಿನ ಎಸಿಎಲ್ ತಂತು ಹರಿಯುವ ಭಂಗಿ. ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು, ಹಾಗಾಗಿ ಹೆಣ್ಣುಮಕ್ಕಳ ತಂಡದ ಪಿ.ಟಿ. ಮಾಸ್ತರರು ಇದನ್ನು ವಾರ್ಮ್‌ಅಪ್‌ನಲ್ಲೇ ಸೇರಿಸಿಕೊಳ್ಳಲಿ. ಕಿವಿಯನ್ನೂ ಬಳಸಿ. ಧಪ್ ಎಂದು ಸದ್ದಾದರೆ ಪೆಟ್ಟನ್ನು ಮೂಳೆ, ಕೀಲು ತಿಂದಿದೆ. ಸದ್ದು ಮೆತ್ತಗಿದ್ದರೆ ಸ್ನಾಯು ಹೊತ್ತಿದೆ.

ಇದರ ಜೊತೆಗೇ ವಾರಕ್ಕೆ ಎರಡು ದಿನ ಭಾರದ ಕೆಲಸ. ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ 3 ಸೆಟ್, ಎಂಟೆಂಟು ಸಲ. ಸೊಂಟದಿಂದ ಬಗ್ಗಿ ಏಳುವ ರೊಮೇನಿಯನ್ ಡೆಡ್‌ಲಿಫ್ಟ್ ಅಷ್ಟೇ. ಹಿಂಗಾಲನ್ನು ಬೆಂಚಿನ ಮೇಲಿಟ್ಟು ಒಂಟಿ ಕಾಲಿನ ಸ್ಕ್ವಾಟ್, ಪ್ರತಿ ಕಾಲಿಗೆ 3 ಸೆಟ್ ಎಂಟೆಂಟು. ಕೊನೆಗೆ ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು 3 ಸೆಟ್, ಹನ್ನೆರಡು ಸಲ. ಹತ್ತಿರ ಜಿಮ್ ಇಲ್ಲದಿದ್ದರೂ ಕೆಲಸ ನಿಲ್ಲಬೇಕಾಗಿಲ್ಲ. 25 ಕೆ.ಜಿ. ಅಕ್ಕಿ ಚೀಲವನ್ನು ಎದೆಗೆ ಅವುಚಿಕೊಂಡು ಒಂಟಿ ಕಾಲಿನ ಸ್ಕ್ವಾಟ್ ಮಾಡಿ ನೋಡಿ, ಎಂಟನೆಯದು ಸುಲಭವಾಗಿ ಏಳುವುದಿಲ್ಲ. ಆದರೆ ಎರಡು ಕಾಲಿನ ಸ್ಕ್ವಾಟ್‌ಗೆ ಆ ಚೀಲ ಎರಡೇ ವಾರದಲ್ಲಿ ಹಗುರ ಅನ್ನಿಸುತ್ತದೆ. ಆಗ ರಾಡು, ಪ್ಲೇಟು ಇರುವ ಜಾಗ ಹುಡುಕಿಕೊಳ್ಳಬೇಕು.

ಸ್ಕ್ವಾಟ್‌ನಲ್ಲಿ ಕೂರುವಾಗ ಹಿಮ್ಮಡಿ ಮೇಲೇಳುತ್ತಿದ್ದರೆ ಪಾದದ ಕೀಲು ಬಿಗಿಯಾಗಿದೆ ಎಂದರ್ಥ. ಗೋಡೆಯಿಂದ 10 ಸೆಂ.ಮೀ. ದೂರ ಹೆಬ್ಬೆರಳಿಟ್ಟು, ಹಿಮ್ಮಡಿ ಊರಿಯೇ ಮಂಡಿಯಿಂದ ಗೋಡೆ ಮುಟ್ಟಲು ಆಗುತ್ತದಾ ನೋಡಿ. ಆಗದಿದ್ದರೆ ಅದೇ ಭಂಗಿಯನ್ನು ದಿನಾ ಪ್ರತಿ ಕಾಲಿಗೆ ಹದಿನೈದು ಸಲ ಮಾಡಿ. ಅಲ್ಲಿಯವರೆಗೆ ಹಿಮ್ಮಡಿ ಕೆಳಗೆ ತೆಳ್ಳನೆ ಹಲಗೆ ಇಟ್ಟುಕೊಂಡು ಸ್ಕ್ವಾಟ್ ಮಾಡಿದರೆ ತಪ್ಪೇನಿಲ್ಲ.

ಐದನೇ ವಾರದಿಂದ ಭಾರ ಏರಿಸಿ, ಎಣಿಕೆ ಇಳಿಸಿ. ಸ್ಕ್ವಾಟ್ 4 ಸೆಟ್, ಐದೈದು ಸಲ. ಎಷ್ಟು ಭಾರ ಅಂದರೆ, ಕಷ್ಟಪಟ್ಟು ಎಂಟು ಸಲ ಎತ್ತಬಲ್ಲ ತೂಕ ತೆಗೆದುಕೊಂಡು ಐದಕ್ಕೇ ನಿಲ್ಲಿಸಿ. ಇಳಿಯುವುದು ನಿಧಾನ, ಏಳುವುದು ಆದಷ್ಟೂ ವೇಗ. ಭಾರದಿಂದಾಗಿ ರಾಡು ನಿಧಾನವಾಗಿ ಎದ್ದರೂ ಪರವಾಗಿಲ್ಲ, ವೇಗವಾಗಿ ಎತ್ತುವ ಪ್ರಯತ್ನ ಮಾತ್ರ ಇರಲೇಬೇಕು. ಸೆಟ್‌ಗಳ ನಡುವೆ ಮೂರು ನಿಮಿಷ ಕೂತು ಸುಧಾರಿಸಿಕೊಳ್ಳಿ. ನಮ್ಮ ಹುಡುಗರಿಗೆ ಅತಿ ಕಷ್ಟದ ಸೂಚನೆ ಇದೇ; ಬೆವರು ಆರುವ ಮುಂಚೆ ಮುಂದಿನ ಸೆಟ್ ಹೊಡೆದರೇನೇ ವ್ಯಾಯಾಮ ಆದಂತೆ ಎಂಬ ನಂಬಿಕೆ ಬೇರೂರಿದೆ. ಸುಸ್ತಾದ ಕಾಲಿಗೆ ಭಾರವೂ ಏಳುವುದಿಲ್ಲ, ವೇಗವೂ ಬರುವುದಿಲ್ಲ.

ಜಿಗಿತವನ್ನು ಭಾರಕ್ಕಿಂತ ಮುಂಚೆ, ಕಾಲು ಹೊಸದಾಗಿದ್ದಾಗ ಮಾಡಿ. ನಿಂತಲ್ಲಿಂದ ಪೂರ್ತಿ ಬಲ ಹಾಕಿ ನಾಲ್ಕು ಜಿಗಿತ, ಅಂಥ 4 ಸೆಟ್. ಮುಂದಕ್ಕೆ ಹಾರುವ ನಿಂತ ಜಿಗಿತ ಮೂರು, ಅಂಥ 4 ಸೆಟ್. ಕೈ ಬೀಸುವುದನ್ನು ಮರೆಯಬೇಡಿ. ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಜಿಗಿದರೆ ಎತ್ತರ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ಬೀಳಬಹುದು, ಒಮ್ಮೆ ಅಳೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಒಂಬತ್ತರಿಂದ ಹನ್ನೆರಡನೇ ವಾರದವರೆಗೆ ಸ್ಕ್ವಾಟ್ ಮೂರು ಮೂರರಂತೆ 3 ಸೆಟ್, ಭಾರ ಇನ್ನೂ ಸ್ವಲ್ಪ ಹೆಚ್ಚು. ಅದಕ್ಕೆ ಹಗುರ ಭಾರದ ಜಿಗಿತ ಸೇರುತ್ತದೆ: ನೀವು ಒಂದೇ ಸಲ ಎತ್ತಬಲ್ಲ ತೂಕದ ಕಾಲು ಭಾಗದಷ್ಟು ಹೊತ್ತು ನಾಲ್ಕು ನಾಲ್ಕು ಜಿಗಿತ, 4 ಸೆಟ್. ಡ್ರಾಪ್ ಜಂಪ್ ಬರುವುದು ಈಗ. 30 ಸೆಂ.ಮೀ. ಕಟ್ಟೆಯಿಂದ ಇಳಿದು ಪಾದ ನೆಲ ಮುಟ್ಟಿದ ತಕ್ಷಣ ಮೇಲಕ್ಕೆ. ಎಳೆದು ಬಿಟ್ಟ ರಬ್ಬರ್ ಬ್ಯಾಂಡಿನಂತೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹಿಗ್ಗಿ ಕುಗ್ಗುವ ಶಕ್ತಿ ಇಲ್ಲಿ ಸಿಗುತ್ತದೆ, ಆದರೆ ನೆಲದ ಮೇಲೆ 0.25 ಸೆಕೆಂಡಿಗಿಂತ ಹೆಚ್ಚು ನಿಂತರೆ ಆ ಲಾಭ ಕೈಬಿಟ್ಟು ಹೋಗುತ್ತದೆ. 240 ಫ್ರೇಮ್‌ನ ವಿಡಿಯೊದಲ್ಲಿ ಅದು 60 ಫ್ರೇಮ್. ಅದಕ್ಕಿಂತ ಹೆಚ್ಚಾದರೆ ಕಟ್ಟೆಯ ಎತ್ತರ 20ಕ್ಕೆ ಇಳಿಸಿ. ತನ್ನ ದೇಹತೂಕದ ಒಂದೂವರೆ ಪಟ್ಟು ಸ್ಕ್ವಾಟ್ ಮಾಡಲಾಗದವರು 40 ಸೆಂ.ಮೀ. ಮೀರಿದ ಕಟ್ಟೆಯ ಆಸೆ ಬಿಡುವುದು ಲೇಸು.

ಎತ್ತರದ ಪೆಟ್ಟಿಗೆ ಮೇಲೆ ಹತ್ತುವ ಬಾಕ್ಸ್ ಜಂಪ್ ವಿಡಿಯೊಗಳಿಗೆ ಮರುಳಾಗಬೇಡಿ. ಮಂಡಿಯನ್ನು ಎದೆಗೆ ಎಳೆದುಕೊಂಡರೆ ಯಾರಾದರೂ ಎತ್ತರದ ಪೆಟ್ಟಿಗೆ ಏರಬಹುದು. ಸೊಂಟ ಎಷ್ಟು ಮೇಲೆ ಹೋಯಿತು ಎನ್ನುವುದೇ ಜಿಗಿತ. ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಆಡುವುದೂ ಬೇಡ.

ಇನ್ನು ನೋವಿನ ವಿಷಯ. ಮಂಡಿ ಚಿಪ್ಪಿನ ಕೆಳತುದಿಯಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದರೆ ಬಹುತೇಕ ಅದು ಜಂಪರ್ಸ್ ನೀ, ಅಂದರೆ ಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ ತೊಂದರೆ. ಕಾರಣ ಸಾಮಾನ್ಯವಾಗಿ ಲೆಕ್ಕ ತಪ್ಪುವುದು: ಪಂದ್ಯದಲ್ಲಿ ಆಗಲೇ ಬಹಳಷ್ಟು ಜಿಗಿತ ಆಗಿರುತ್ತದೆ, ಅದರ ಮೇಲೆ ಶಾಲೆಯ ಸಿಮೆಂಟು ಅಂಗಳದಲ್ಲಿ ಇನ್ನೂ ನೂರು. ಹೊಸಬರು ಒಂದು ದಿನಕ್ಕೆ ಪೂರ್ತಿ ಬಲದ 60–80 ಜಿಗಿತ ದಾಟಬಾರದು, ಆಟದ್ದೂ ಸೇರಿ ಲೆಕ್ಕ. ಎರಡು ಜಿಗಿತದ ದಿನಗಳ ನಡುವೆ 48 ಗಂಟೆ ಬಿಡಿ. ಮಣ್ಣಿನ ಅಂಗಳವೋ ಹುಲ್ಲೋ ಸಿಕ್ಕರೆ ಅಲ್ಲಿ ಮಾಡಿ. ನೋವಿಗೆ ನೀವೇ ಹತ್ತಕ್ಕೆ ಅಂಕ ಕೊಟ್ಟರೆ ಅದು ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಹೆಚ್ಚದಿದ್ದರೆ ಭಾರದ ಕೆಲಸ ಮುಂದುವರಿಸಬಹುದು, ಜಿಗಿತ ಕಡಿಮೆ ಮಾಡಬೇಕು. ಕಂಬಕ್ಕೆ ಗಟ್ಟಿ ಬೆಲ್ಟು ಕಟ್ಟಿ, ಅದನ್ನು ಮಂಡಿಯ ಹಿಂಬದಿಗೆ ಸಿಕ್ಕಿಸಿ, ಹಿಂದಕ್ಕೆ ಕೂತಂತೆ 45 ಸೆಕೆಂಡು ನಿಲ್ಲುವುದನ್ನು ಐದು ಸಲ ಮಾಡಿದರೆ ಹಲವರಿಗೆ ನೋವು ಇಳಿಯುತ್ತದೆ. ಹತ್ತರಿಂದ ಹದಿನೈದು ವಯಸ್ಸಿನ ಮಕ್ಕಳಲ್ಲಿ ನೋವು ಇನ್ನೂ ಕೆಳಗೆ, ಮೊಳಕಾಲ ಮೂಳೆಯ ಉಬ್ಬಿನ ಮೇಲಿದ್ದರೆ ಅದು ಬೆಳೆಯುವ ಮೂಳೆಯ ತೊಂದರೆ. ಅವರಿಗೆ ಜಿಗಿತ ಕಡಿಮೆ ಮಾಡಿಸಿ, ವೈದ್ಯರಿಗೆ ತೋರಿಸಿ. ಮಂಡಿ ಊದಿದರೆ ಅಥವಾ ಸಿಕ್ಕಿಹಾಕಿಕೊಂಡಂತೆ ಆದರೆ ಯಾವ ವಯಸ್ಸಿನವರೂ ಕಾಯಬಾರದು.

ಊಟಕ್ಕೆ ದುಬಾರಿ ಪ್ರೋಟೀನ್ ಪುಡಿಯ ಡಬ್ಬ ಬೇಕಿಲ್ಲ. 60 ಕೆ.ಜಿ. ಹುಡುಗನಿಗೆ ದಿನಕ್ಕೆ ಸುಮಾರು 95 ಗ್ರಾಂ ಪ್ರೋಟೀನ್ ಬೇಕು. ಮೂರು ಮೊಟ್ಟೆ, ಅರ್ಧ ಲೀಟರ್ ಹಾಲು, 100 ಗ್ರಾಂ ಹುರುಳಿ ಅಥವಾ ಬೇರೆ ಕಾಳು, ಪಾವಗಡದ ಕಡೆ ಧಾರಾಳವಾಗಿ ಬೆಳೆಯುವ ಕಡಲೆಕಾಯಿ ಬೀಜ ಒಂದು ಹಿಡಿ ಸೇರಿದರೆ ಸುಮಾರು 65 ಗ್ರಾಂ ಆಯಿತು. ಉಳಿದದ್ದು ಮುದ್ದೆ, ಅನ್ನದಲ್ಲಿ ಬರುತ್ತದೆ.

ಪಂದ್ಯಾವಳಿಯ ಹಿಂದಿನ ವಾರ ಸೆಟ್‌ಗಳನ್ನು ಅರ್ಧ ಮಾಡಿ, ಭಾರ ಇಳಿಸಬೇಡಿ. ಕೊನೆಯ ಭಾರದ ದಿನಕ್ಕೂ ಪಂದ್ಯಕ್ಕೂ ಮೂರು ದಿನ ಅಂತರವಿರಲಿ. ಪಂದ್ಯಗಳ ಸಾಲು ಶುರುವಾದ ಮೇಲೆ ವಾರಕ್ಕೊಮ್ಮೆ ಸ್ಕ್ವಾಟ್ ಮೂರು ಮೂರರಂತೆ 2 ಸೆಟ್ ಮಾಡಿದರೂ ಗಳಿಸಿದ ಬಲ ಉಳಿಯುತ್ತದೆ. ಜಿಗಿತದ ಅಭ್ಯಾಸ ಬೇರೆ ಬೇಡ, ಅದು ಅಂಗಳದಲ್ಲೇ ಆಗುತ್ತಿರುತ್ತದೆ.