ಅಜ್ಜಿಯ ದೀಪಕ್ಕೆ ಎಷ್ಟು ಅಂಕ? ಧಾರ್ಮಿಕತೆ ಅಳೆಯುವ ಸ್ಕೇಲ್ ಬಗ್ಗೆ ಟಿಪ್ಪಣಿ

ನಂಬಿಕೆ, ಆಚರಣೆ, ಅನುಭವ, ತಿಳಿವಳಿಕೆ, ಬದುಕಿನ ಮೇಲಿನ ಪರಿಣಾಮ. ಧಾರ್ಮಿಕತೆಗೆ ಈ ಐದು ಮುಖ ಇವೆ ಎಂದು ಸಮಾಜಶಾಸ್ತ್ರಜ್ಞರಾದ ಗ್ಲಾಕ್ ಮತ್ತು ಸ್ಟಾರ್ಕ್ 1960ರ ದಶಕದಲ್ಲಿ ಹೇಳಿದರು. ಗುಡಿ ಕಡೆ ತಲೆ ಹಾಕದವರಿಗೂ ಗಟ್ಟಿ ನಂಬಿಕೆ ಇರಬಹುದು, ಅಲ್ವಾ? ಅದಕ್ಕೇ ಒಂದೇ ಪ್ರಶ್ನೆ ಸಾಲದು.

ನನ್ನ ಸಮೀಕ್ಷೆಯಲ್ಲಿ ಬಳಸುತ್ತಿರುವುದು ಹ್ಯೂಬರ್ ಅವರ ಸೆಂಟ್ರಾಲಿಟಿ ಸ್ಕೇಲ್, ಅಂದರೆ ಬದುಕಿನಲ್ಲಿ ಧರ್ಮ ಎಷ್ಟು ಮುಖ್ಯ ಎಂದು ಅಳೆಯುವ ಪ್ರಶ್ನಾವಳಿ. ಅದರ ಚಿಕ್ಕ ರೂಪದಲ್ಲಿ ಐದೇ ಪ್ರಶ್ನೆ. ಧರ್ಮದ ವಿಷಯ ಎಷ್ಟು ಸಲ ಯೋಚಿಸುತ್ತೀರಿ? ದೇವರಿದ್ದಾನೆ ಎಂದು ಎಷ್ಟು ನಂಬುತ್ತೀರಿ? ಹತ್ತು ಜನರ ಜೊತೆ ಪೂಜೆಗೆ ಎಷ್ಟು ಸಲ ಸೇರುತ್ತೀರಿ? ಒಬ್ಬರೇ ಎಷ್ಟು ಸಲ ಪ್ರಾರ್ಥಿಸುತ್ತೀರಿ? ದೇವರೇ ಬಂದು ನಡೆಸಿಕೊಟ್ಟ ಎಂದು ಎಷ್ಟು ಸಲ ಅನಿಸಿದೆ? ಒಂದೊಂದಕ್ಕೂ 1ರಿಂದ 5 ಅಂಕ. ಕೂಡಿ, 5ರಿಂದ ಭಾಗಿಸಿ. ಸರಾಸರಿ 4 ಅಥವಾ ಜಾಸ್ತಿ ಇದ್ದರೆ ‘ತುಂಬಾ ಧಾರ್ಮಿಕರು’. 2ರವರೆಗೆ ‘ಧಾರ್ಮಿಕರಲ್ಲ’. ನಡುವಿನವರು ‘ಧಾರ್ಮಿಕರು’.

ಲೆಕ್ಕ ಸುಲಭ, ಕೇಳುವುದೇ ಕಷ್ಟ. ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿ ಪೈಲಟ್ (ಮೊದಲ ಪ್ರಯೋಗದ ಸಮೀಕ್ಷೆ) ಮಾಡುವಾಗ ಒಬ್ಬ ಅಜ್ಜಿಗೆ ‘ಎಷ್ಟು ಸಲ ಪ್ರಾರ್ಥನೆ ಮಾಡ್ತೀರಾ?’ ಅಂತ ಕೇಳಿದೆ. ‘ಇಲ್ಲಮ್ಮ, ಅದೆಲ್ಲ ಸ್ಕೂಲಲ್ಲಿ ಮಕ್ಕಳು ಮಾಡ್ತಾರೆ’ ಅಂದರು. 1 ಅಂತ ಬರೆದುಕೊಂಡೆ. ಅಷ್ಟರಲ್ಲಿ ಹೊತ್ತು ಮುಳುಗಿತು. ಅಜ್ಜಿ ಎದ್ದು, ಸೆರಗು ತಲೆ ಮೇಲೆ ಎಳೆದುಕೊಂಡು, ತುಳಸಿಕಟ್ಟೆಗೆ ದೀಪ ಇಟ್ಟು ಕೈಮುಗಿದರು. ತುಟಿ ಸಣ್ಣಗೆ ಆಡುತ್ತಿತ್ತು. ಬೆಳಿಗ್ಗೆಯೂ ಹೀಗೇ ಮಾಡುತ್ತಾರಂತೆ.

ದಿನಾ ಕೈಮುಗಿಯುವವರಿಗೆ ಇಲ್ಲಿ 5 ಸಿಗಬೇಕು. ಅವರ ಉಳಿದ ಅಂಕಗಳು 4, 5, 3, 3. ನಾನು ಮೊದಲು ಬರೆದಂತೆ ಒಟ್ಟು 16, ಸರಾಸರಿ 3.2. ಸರಿಯಾಗಿ ಕೇಳಿದ್ದರೆ ಒಟ್ಟು 20, ಸರಾಸರಿ 4. ಒಂದು ಪದದಿಂದ ಅಜ್ಜಿಯ ಗುಂಪೇ ಬದಲಾಯಿತು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಸ್ಕೇಲ್‌ನ ಗಟ್ಟಿತನ ನೋಡಲು ಲೆಕ್ಕ ಹಾಕುವ ಕ್ರಾನ್‌ಬ್ಯಾಕ್ ಆಲ್ಫಾ ಎಂಬ ಅಂಕಿ ಈ ತಪ್ಪನ್ನು ಹಿಡಿಯುತ್ತದೆ ಅಂದುಕೊಳ್ಳಬೇಡಿ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಕೇಳಿದ್ದು ಅರ್ಥವಾಯಿತಾ ಅನ್ನುವುದಕ್ಕೆ ಜನರ ಮುಂದೆಯೇ ಕೂರಬೇಕು. ಈ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಹಾಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಸುಮ್ನೆ ಬಿಟ್ಟರೆ ಆಗುವುದಿಲ್ಲ.

ಇನ್ನೊಂದು. ‘ದೇವಸ್ಥಾನ, ಮಸೀದಿ, ಚರ್ಚ್: ಒಂದಕ್ಕೆ ಟಿಕ್ ಮಾಡಿ’ ಅಂತ ಫಾರಂನಲ್ಲಿತ್ತು. ಅದೇ ಅಜ್ಜಿ ಹರಕೆ ಹೊತ್ತು ಮುರುಗಮಲ್ಲದ ದರ್ಗಾಕ್ಕೂ ಹೋಗಿಬಂದವರು. ಅಲ್ಲಿಗೆ ಹಿಂದೂಗಳೂ ಹೋಗುತ್ತಾರೆ. ಆ ಒಂದು ಟಿಕ್ ಎಲ್ಲಿ ಹಾಕೋದು? ಈಗ ‘ಎಲ್ಲೆಲ್ಲಿ ಹೋಗ್ತೀರಿ, ಎಲ್ಲ ಹೇಳಿ’ ಅಂತ ಬದಲಿಸಿದ್ದೇನೆ. ‘ಪ್ರಾರ್ಥನೆ’ ಇದ್ದ ಕಡೆ ‘ದೀಪ ಹಚ್ಚೋದು, ಕೈಮುಗಿಯೋದು, ನಮಾಜ್, ಪ್ರಾರ್ಥನೆ’ ಎಂದು ಬಿಡಿಸಿ ಬರೆದಿದ್ದೇನೆ.