ಅಜ್ಜನ ಚಂಚಿ

ಸಂಬಂಧಿಕರೊಬ್ಬರ ಆರೈಕೆಗೆಂದು ವಿಜಯಪುರದ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ಒಂಬತ್ತು ದಿನ ಇದ್ದೆ. ಮೇ ತಿಂಗಳು. ಫ್ಯಾನು ತಿರುಗುತ್ತಿತ್ತು, ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಎರಡನೆಯ ದಿನ ಸಿಂದಗಿ ಕಡೆಯ ಅಜ್ಜನೊಬ್ಬನನ್ನು ಮಗ ತಂದು ಸೇರಿಸಿದ. ಸೇರಿಸುವಾಗ ಅಜ್ಜನ ಸೊಂಟದಲ್ಲಿದ್ದ ಚಂಚಿಯನ್ನು ಬಿಚ್ಚಿ ಮಗನ ಕೈಗೆ ಕೊಟ್ಟರು. ಎಲೆ, ಅಡಿಕೆ, ತಂಬಾಕು, ಸುಣ್ಣದ ಡಬ್ಬಿ ಎಲ್ಲವೂ ಅದರಲ್ಲಿದ್ದವು. ಆಸ್ಪತ್ರೆಯ ನಿಯಮ, ತಪ್ಪೇನಿಲ್ಲ. ಮರುದಿನ ಬೆಳಿಗ್ಗೆಯಿಂದ ಅಜ್ಜ ಚಂಚಿ ಕೇಳತೊಡಗಿದ. ಕೇಳಿದಾಗಲೆಲ್ಲ ‘ಆಮೇಲೆ’ ಎಂಬ ಉತ್ತರ. ಸಂಜೆ ನಾಲ್ಕರ ಹೊತ್ತಿಗೆ ಸ್ಟೀಲಿನ ತಂಬಿಗೆ ಗೋಡೆಗೆ ಬಡಿಯಿತು. ಹಿಡಿಯಲು ಹೋದ ವಾರ್ಡ್‌ಬಾಯ್‌ನ ಹುಬ್ಬು ಒಡೆಯಿತು. ರಿಜಿಸ್ಟರಿನಲ್ಲಿ ಬಿದ್ದ ಸಾಲು: ‘ರೋಗಿಯು ಕಾರಣವಿಲ್ಲದೆ ಹಲ್ಲೆ ಮಾಡಿದ್ದಾನೆ.’

ಆ ‘ಕಾರಣವಿಲ್ಲದೆ’ ಎಂಬ ಮಾತು ಅಂದಿನಿಂದ ನನ್ನನ್ನು ಕೊರೆಯುತ್ತಿದೆ.

ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎನ್ನುತ್ತಾರೆ. 1845ರಲ್ಲಿ ಶುರುವಾದ ಅಲ್ಲಿನ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದ್ದರೂ ಮಾತು ಮಾತ್ರ ಹಳೆಯದೇ. ಅದರ ಹಿಂದೆ ಇರುವುದು ಮಾನಸಿಕ ರೋಗಿ ಎಂದರೆ ಹೊಡೆಯುವವನು ಎಂಬ ಭಯ. ಲೆಕ್ಕ ಬೇರೆಯೇ ಹೇಳುತ್ತದೆ. ಶ್ರೀಮಂತ ದೇಶಗಳ ವಾರ್ಡುಗಳಲ್ಲಿ ನಡೆದ 35 ಅಧ್ಯಯನಗಳನ್ನು, ಸುಮಾರು 24 ಸಾವಿರ ರೋಗಿಗಳನ್ನು, ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ ಒಮ್ಮೆಯಾದರೂ ಕೈಮಾಡಿದವರು ಶೇ 17ರಷ್ಟು. ಅದೂ ಕಾಯಿಲೆ ಉಲ್ಬಣಿಸಿ ದಾಖಲಾದವರ ನಡುವೆ. ಆರು ಮಂದಿಯಲ್ಲಿ ಐವರು ಕೈಯೆತ್ತುವುದೇ ಇಲ್ಲ.

ಎತ್ತುವವನ ಕೈಯೂ ಒಮ್ಮೆಲೇ ಏಳುವುದಿಲ್ಲ. ನಾರ್ವೆಯ ಬ್ರೋಸೆಟ್ ಎಂಬಲ್ಲಿನ ಆಸ್ಪತ್ರೆಯಲ್ಲಿ ರೂಪುಗೊಂಡ ಪಟ್ಟಿಯೊಂದಿದೆ. ಗೊಂದಲ, ಸಿಡುಕು, ಗದ್ದಲ, ಬಾಯಿಮಾತಿನ ಬೆದರಿಕೆ, ಮೈಮೇಲೆ ಏರಿಬರುವ ಭಂಗಿ, ವಸ್ತುಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವುದು, ಹೀಗೆ ಆರೇ ಆರು ಲಕ್ಷಣ. ಪ್ರತಿ ಪಾಳಿಯಲ್ಲಿ ನರ್ಸ್ ಇವುಗಳಿಗೆ ಅಂಕ ಕೊಡುತ್ತಾರೆ. ಅಂಕ ಏರಿದರೆ ಮುಂದಿನ 24 ಗಂಟೆಯೊಳಗೆ ಹಲ್ಲೆಯಾಗುವ ಸಾಧ್ಯತೆ ಹೆಚ್ಚು. ನಮ್ಮ ಅಜ್ಜ ಮಧ್ಯಾಹ್ನದ ಊಟದ ಹೊತ್ತಿಗೇ ಸಿಡುಕುತ್ತಿದ್ದ, ಕೂಗಾಡುತ್ತಿದ್ದ, ತಟ್ಟೆಯನ್ನು ತಳ್ಳಿದ್ದ. ಲಕ್ಷಣ ಓದಬಲ್ಲವರಿಗೆ ಅಷ್ಟು ಸಾಕಿತ್ತು. ಜಮಖಂಡಿ ಕಡೆಯ ಹಿರಿಯ ಸಿಸ್ಟರ್ ಒಬ್ಬರು ಯಾವ ಪಟ್ಟಿಯೂ ಇಲ್ಲದೆ ಇದನ್ನು ಓದುತ್ತಿದ್ದರು. ಅಂದು ಅವರ ರಜೆ.

ತಂಬಾಕು ಹಠಾತ್ತನೆ ನಿಂತಾಗ ನಿಕೋಟಿನ್‌ಗೆ ಒಗ್ಗಿಹೋದ ಮಿದುಳು ಕೆಲವೇ ಗಂಟೆಗಳಲ್ಲಿ ಚಡಪಡಿಸತೊಡಗುತ್ತದೆ. ಕಾಯಿಲೆಯ ಮೇಲೆ ಇನ್ನೊಂದು ಕಾಯಿಲೆ ಹೇರಿದಂತೆ. ಸಾರಾಯಿಯ ಕಥೆ ಇನ್ನೂ ಕಠೋರ. ದಿನವೂ ಕುಡಿಯುವವನು ಕಾಲು ಮುರಿದುಕೊಂಡು ಮೂಳೆ ವಿಭಾಗಕ್ಕೆ ಸೇರುತ್ತಾನೆ. ಎರಡು ಮೂರು ದಿನ ಕಳೆದ ಮೇಲೆ ರಾತ್ರಿ ಗೋಡೆಯ ಮೇಲೆ ಹುಳು ಹರಿದಾಡುವುದನ್ನು ಕಂಡು ಪ್ಲಾಸ್ಟರ್ ಸಮೇತ ಏಳುತ್ತಾನೆ. ‘ಹುಚ್ಚು ಹಿಡಿಯಿತು’ ಎನ್ನುತ್ತಾರೆ. ಅದು ಮದ್ಯ ನಿಂತದ್ದರಿಂದ ಬಂದ ಸನ್ನಿ. ಜೀವಕ್ಕೇ ಅಪಾಯ, ಆದರೆ ಔಷಧಿ ಇದೆ.

ಔಷಧಿಯೇ ಮೋಸ ಮಾಡುವುದೂ ಉಂಟು, ಮತ್ತು ಹೊರಗಿನವರಿಗೆ ಇದು ಗೊತ್ತಾಗುವುದೇ ಇಲ್ಲ. 1958ರಲ್ಲಿ ಬೆಲ್ಜಿಯಂನಲ್ಲಿ ತಯಾರಾದ ಹಾಲೋಪೆರಿಡಾಲ್ ಉದ್ರೇಕ ಇಳಿಸಲು ಇಂದಿಗೂ ವಾರ್ಡುಗಳ ನೆಚ್ಚಿನ ಇಂಜೆಕ್ಷನ್. ಕೆಲವರಲ್ಲಿ ಅದು ಅಕಥೀಸಿಯಾ ಎಂಬ ತಳಮಳ ಹುಟ್ಟಿಸುತ್ತದೆ. ಕಾಲಿನೊಳಗೆ ಇರುವೆ ಹರಿದಂತೆ. ಕುಳಿತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಒಬ್ಬ ಹುಡುಗ ವರಾಂಡದ ಈ ತುದಿಯಿಂದ ಆ ತುದಿಗೆ ಹಲ್ಲು ಕಚ್ಚಿಕೊಂಡು ತಿರುಗುತ್ತಿದ್ದುದನ್ನು ಕಂಡಿದ್ದೇನೆ. ತಡೆದವರ ಮೇಲೆಲ್ಲ ರೇಗುತ್ತಿದ್ದ. ನೋಡಿದವರಿಗೆ ಉದ್ರೇಕ ಹೆಚ್ಚಾದಂತೆ ಕಾಣುತ್ತದೆ, ಅದೇ ಇಂಜೆಕ್ಷನ್ ಮತ್ತೊಮ್ಮೆ ಬೀಳುತ್ತದೆ, ತಳಮಳ ಇಮ್ಮಡಿಯಾಗುತ್ತದೆ. ‘ಕಾಲಲ್ಲಿ ಏನಾಗುತ್ತಿದೆ, ತಮ್ಮಾ?’ ಎಂದು ಕೇಳುವವರೊಬ್ಬರಿದ್ದರೆ ಈ ಸುತ್ತು ಅಲ್ಲಿಗೇ ಮುರಿಯುತ್ತದೆ.

ಹಾಲೋಪೆರಿಡಾಲ್ ಅನ್ನು ಒಂಟಿಯಾಗಿ ಕೊಟ್ಟಾಗ ಕುತ್ತಿಗೆ, ನಾಲಿಗೆ ಸೆಟೆದುಕೊಳ್ಳುವುದೂ ಇದೆ. ಅಲರ್ಜಿಗೆ ಕೊಡುವ ಅಗ್ಗದ ಪ್ರೊಮೆಥಜೀನ್ ಅನ್ನು ಜೊತೆಗೆ ಸೇರಿಸುವುದು ಇದಕ್ಕೇ. ಈ ಜೋಡಿಯನ್ನು ಗಟ್ಟಿಯಾಗಿ ಪರೀಕ್ಷಿಸಿದ ಊರುಗಳಲ್ಲಿ ಒಂದು ಬ್ರೆಜಿಲಿನ ರಿಯೊ, ಇನ್ನೊಂದು ನಮ್ಮ ವೆಲ್ಲೂರು. 2004 ಮತ್ತು 2007ರಲ್ಲಿ ಪ್ರಕಟವಾದ ವೆಲ್ಲೂರಿನ ಎರಡು ಪ್ರಯೋಗಗಳಲ್ಲಿ ಒಟ್ಟು 500 ರೋಗಿಗಳಿದ್ದರು. ಅದೇ ಕೆಲಸಕ್ಕೆ ಬಳಸುವ ದುಬಾರಿ ಓಲಾಂಜಪೀನ್ ಎದುರೂ ಈ ಅಗ್ಗದ ಜೋಡಿ ಸೋಲಲಿಲ್ಲ.

ಆದರೂ ಇಂಜೆಕ್ಷನ್ ಬೇಕಾಗುವ ಮುಂಚಿನ ಅರ್ಧ ಗಂಟೆಯ ಬಗ್ಗೆಯೇ ನನಗೆ ಹೆಚ್ಚು ಕುತೂಹಲ. ಲಂಡನ್ ಸುತ್ತಮುತ್ತಲಿನ 31 ವಾರ್ಡುಗಳಲ್ಲಿ ‘ಸೇಫ್‌ವಾರ್ಡ್ಸ್’ ಎಂಬ ಪ್ರಯೋಗ ನಡೆಯಿತು. ಮಾಡಿದ್ದೆಲ್ಲ ಸಣ್ಣಪುಟ್ಟ ಕೆಲಸ. ‘ಆಗುವುದಿಲ್ಲ’ ಎನ್ನಬೇಕಾದಾಗ ಹೇಗೆ ಹೇಳಬೇಕೆಂದು ಕಲಿಸಿದರು. ಮನೆಯಿಂದ ಕೆಟ್ಟ ಸುದ್ದಿಯ ಫೋನ್ ಬಂದರೆ ರೋಗಿಯ ಪಕ್ಕ ಹೋಗಿ ಕುಳಿತರು. ಪಾಳಿ ಬದಲಾಗುವಾಗ ಪ್ರತಿಯೊಬ್ಬ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳಿದರು. ಜಗಳ, ಹಲ್ಲೆಯಂಥ ಘಟನೆಗಳು ಶೇ 15ರಷ್ಟು, ಹಿಡಿದಿಡುವ, ಕೂಡಿಹಾಕುವಂಥ ಕ್ರಮಗಳು ಶೇ 26ರಷ್ಟು ತಗ್ಗಿದವು.

ನಮ್ಮ ವಾರ್ಡು ಲಂಡನ್ನಿನದಲ್ಲ. ಇಲ್ಲಿ ಹಾಸಿಗೆಯ ಪಕ್ಕ ತಾಯಿಯೋ ಅಣ್ಣನೋ ಇರುತ್ತಾರೆ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು; ಆ ದಾರಿ ನಮ್ಮದು. ಮನೆಯವರ ಕೈ ತಲೆ ಸವರುತ್ತದೆ. ಮೊದಲ ಏಟು ಬೀಳುವುದೂ ಎಷ್ಟೋ ಸಲ ಅವರಿಗೇ.

ಬೆಳಗಾವಿಯಂಥ ಊರಿನಲ್ಲಿ ಭಾಷೆಯ ತೊಡಕೂ ಸೇರುತ್ತದೆ. ರೋಗಿ ಮರಾಠಿಯವನು, ಪಕ್ಕದ ಹಾಸಿಗೆಯವರು ಕನ್ನಡದವರು, ಸಿಸ್ಟರ್‌ಗಳು ತಮ್ಮೊಳಗೆ ಮಲಯಾಳದಲ್ಲಿ ಮಾತನಾಡುತ್ತಾರೆ. ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂದು ಆಗಲೇ ನಂಬಿಕೊಂಡವನಿಗೆ, ಅರ್ಥವಾಗದ ಭಾಷೆಯ ಪಿಸುಮಾತಿಗಿಂತ ದೊಡ್ಡ ಸಾಕ್ಷಿ ಬೇಕೇ?

ಕಟ್ಟಿಹಾಕುವ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸರಪಳಿಗೆ ಜಾಗವೇ ಇಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವುದಕ್ಕೂ ಇಲ್ಲ. ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಬೇಕಾದಷ್ಟು ಹೊತ್ತು ಮಾತ್ರ ಕಟ್ಟಬಹುದು. ಶಿಕ್ಷೆಗಾಗಿ ಕೂಡದು. ಸಿಬ್ಬಂದಿ ಕಡಿಮೆ ಎಂಬ ನೆಪವೂ ನಡೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇರುವುದನ್ನು ಕಂಡವನಿಗೆ ಈ ಕೊನೆಯ ಮಾತು ಓದುವಾಗ ಒಣನಗೆ ಬರುತ್ತದೆ.

ಅಜ್ಜನನ್ನು ಅಂದು ಕಟ್ಟಲಿಲ್ಲ. ಇಂಜೆಕ್ಷನ್ ಕೊಟ್ಟರು, ರಾತ್ರಿಯೆಲ್ಲ ಮಲಗಿದ. ಮರುದಿನ ರಜೆ ಮುಗಿಸಿ ಬಂದ ಸಿಸ್ಟರ್ ಸ್ಟೂಲು ಎಳೆದುಕೊಂಡು ಅವನೆದುರು ಕುಳಿತರು. ‘ಕಾಕಾ, ತಂಬಾಕು ಇಲ್ಲಿ ಕೊಡಲು ಬರುವುದಿಲ್ಲ. ಚಂಚಿ ಎಲ್ಲಿಗೂ ಹೋಗಿಲ್ಲ, ನಿಮ್ಮ ಮಗನ ಹತ್ತಿರ ಇದೆ, ತೋರಿಸುತ್ತಾನೆ’ ಎಂದರು. ಮಗ ತೋರಿಸಿದ. ಅಜ್ಜ ಅದನ್ನು ಬಿಚ್ಚಿ, ಬೆಳ್ಳಿಯ ಸುಣ್ಣದ ಡಬ್ಬಿ ಇದೆಯೇ ಎಂದು ನೋಡಿ, ಮತ್ತೆ ಕಟ್ಟಿ ಕೊಟ್ಟ. ಆಮೇಲೆ ಡಾಕ್ಟರು ನಿಕೋಟಿನ್ ಗಮ್ ಬರೆದುಕೊಟ್ಟರು. ಎರಡು ಸಲ ಅಗಿದು, ಇದಕ್ಕೆ ಸುಣ್ಣ ಹಾಕಿಲ್ಲವಲ್ಲ ಎಂದು ಅಜ್ಜ ತಕರಾರು ತೆಗೆದ.