ತಾನಾಗಿ ಜೋಡಿಸಿಕೊಳ್ಳುವ ಔಷಧಿ, ತಾನಾಗಿ ಗಡ್ಡೆ ಹುಡುಕುವುದಿಲ್ಲ

ಕಿಡ್ನಿ ಕ್ಯಾನ್ಸರ್ ಆಪರೇಷನ್‌ಗೆ ದಿನ ಗೊತ್ತು ಮಾಡಿದ ಮೇಲೆ ಮನೆಯವರಲ್ಲಿ ಒಬ್ಬರು ಮೊಬೈಲ್ ಮುಂದೆ ಹಿಡಿಯುತ್ತಾರೆ. ‘ಡಾಕ್ಟ್ರೇ, ಪೆಪ್ಟೈಡ್ ನ್ಯಾನೋ ಔಷಧಿ ಬಂದಿದೆಯಂತೆ. ತಾನಾಗೇ ಜೋಡಿಸಿಕೊಂಡು ಗಡ್ಡೆಗೆ ಹೋಗಿ ಸೇರುತ್ತಂತೆ. ಸ್ವಲ್ಪ ಕಾಯೋಣ ಅಲ್ವಾ?’ ಆ ‘ಸ್ವಲ್ಪ ಕಾಯೋಣ’ ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ.

ಸುದ್ದಿಯೇನೂ ಸುಳ್ಳಲ್ಲ. ಪೆಪ್ಟೈಡ್ ಅಂದರೆ ಪ್ರೋಟೀನಿನಂತೆಯೇ ಅಮೈನೋ ಆಮ್ಲಗಳು ಪೋಣಿಸಿಕೊಂಡ ಚಿಕ್ಕ ಸರ. ಕೆಲವು ಪೆಪ್ಟೈಡ್‌ಗಳು ನೀರಿನಲ್ಲಿ ಒಂದಕ್ಕೊಂದು ಸೇರಿ ಸಣ್ಣ ಎಳೆಗಳಾಗುತ್ತವೆ. ನೀರಿಗೆ ಆಗದ ಭಾಗ ಒಳಗೆ, ಆಗುವ ಭಾಗ ಹೊರಗೆ. 16 ಅಮೈನೋ ಆಮ್ಲಗಳ ರಾಡಾ16 ಎಂಬ ಪೆಪ್ಟೈಡ್ ಹೀಗೇ ಜೆಲ್ ಆಗುತ್ತದೆ. ಎಂಡೋಸ್ಕೋಪಿ ಮಾಡುವಾಗ ರಕ್ತ ನಿಲ್ಲಿಸಲು ಅದನ್ನು ಬಳಸುತ್ತಾರೆ. ಆದರೆ ರಕ್ತ ಸೋರುವ ಜಾಗ ಹುಡುಕುವುದು ಡಾಕ್ಟರು, ಅಲ್ಲಿ ಹಾಕುವುದೂ ಅವರೇ. ಲ್ಯಾನ್ರಿಯೊಟೈಡ್ ಎಂಬ ಇನ್ನೊಂದು ಪೆಪ್ಟೈಡ್ ಇಂಜೆಕ್ಷನ್ ಚರ್ಮದಡಿ ಜೆಲ್ಲಾಗಿ ಉಳಿದು ವಾರಗಟ್ಟಲೆ ನಿಧಾನವಾಗಿ ಔಷಧಿ ಬಿಡುತ್ತದೆ. ಅದೂ ಸೂಜಿ ಇಟ್ಟ ಕಡೆಯೇ ಕೂರುತ್ತದೆ.

ಜೋಡಣೆಯ ಲಾಭ ಏನೆಂದರೆ, ಔಷಧಿ ಸೇರಿದ ಜಾಗದಲ್ಲಿ ನಿಲ್ಲುತ್ತದೆ. ರಕ್ತಕ್ಕೆ ಬಿಟ್ಟ ಸಣ್ಣ ಪೆಪ್ಟೈಡನ್ನು ಕಿಡ್ನಿ ಬೇಗನೆ ಸೋಸಿ ಹೊರಹಾಕುತ್ತದೆ. 5-6 ನ್ಯಾನೋಮೀಟರ್‌ಗಿಂತ ಚಿಕ್ಕದಾದರಂತೂ ಸಲೀಸು. ಗಡ್ಡೆಯೊಳಗೆ ಉದ್ದ ಎಳೆಯಾಗಿ ಹೆಣೆದುಕೊಂಡರೆ ಜಾಸ್ತಿ ಹೊತ್ತು ಉಳಿಯಬಹುದು. ಆದರೆ ಅಲ್ಲಿಗೆ ತಲುಪುವುದು ಹೇಗೆ? ಅದಕ್ಕೆ ಬೇರೆ ಉಪಾಯ ಬೇಕು. ಕ್ಯಾನ್ಸರ್ ಕೋಶಕ್ಕೆ ಅಂಟುವ ತುಣುಕೊಂದನ್ನು ಸೇರಿಸಬಹುದು. ಇಲ್ಲವೇ ಗಡ್ಡೆಯ ಕಿಣ್ವ ಕತ್ತರಿಸಿದ ಮೇಲಷ್ಟೇ ಜೋಡಣೆ ಶುರುವಾಗುವಂತೆ ಮಾಡಬಹುದು. ಚಂದದ ಯೋಚನೆ, ನನಗೂ ಇಷ್ಟ. ಆದರೆ ಅಂಥ ಕಿಣ್ವಗಳು ಮಾಯುತ್ತಿರುವ ಗಾಯದಲ್ಲೂ ಇರುತ್ತವೆ. ಗುರಿ ತಪ್ಪುವ ಸಾಧ್ಯತೆ ಇದ್ದೇ ಇದೆ.

ಒಬ್ಬ ಮಗ ಇದನ್ನೆಲ್ಲ ನನಗೇ ಪಾಠ ಮಾಡಿದ. ಪಕ್ಕದಲ್ಲಿ ತಂದೆ ಸುಮ್ನೆ ಕೂತಿದ್ದರು. ಕೊನೆಗೆ ಕೇಳಿದರು: ‘ಇದನ್ನ ಯಾರಿಗೆ ಕೊಟ್ಟು ನೋಡಿದಾರಪ್ಪ?’

‘ಇಲಿಗೆ.’

‘ಹಾಗಾದ್ರೆ ನಂಗೆ ಆಪರೇಷನ್ನೇ ಆಗ್ಲಿ.’

ಇಲಿಯ ಗಡ್ಡೆ ಬಹುಪಾಲು ನಾವೇ ನೆಟ್ಟದ್ದು, ಕೆಲವೇ ವಾರಗಳಲ್ಲಿ ಬೆಳೆದದ್ದು. ಮನುಷ್ಯನದು ಸಾಮಾನ್ಯವಾಗಿ ವರ್ಷಗಟ್ಟಲೆ ಬೆಳೆದಿರುತ್ತದೆ. ಒಂದೇ ಗಡ್ಡೆಯಲ್ಲಿ ಬೇರೆ ಬೇರೆ ಥರದ ಕೋಶಗಳಿರುತ್ತವೆ.

ಕಿಡ್ನಿಯೊಳಗೇ ಇರುವ ಸಣ್ಣ ಗಡ್ಡೆಯನ್ನು ತೆಗೆದರೆ ಹೆಚ್ಚಿನವರಿಗೆ ಮುಂದೆ ಔಷಧಿಯೇ ಬೇಕಾಗುವುದಿಲ್ಲ. ವಯಸ್ಸಾದ ಕೆಲವರಲ್ಲಿ ಸ್ಕ್ಯಾನ್ ಮಾಡುತ್ತಾ ಕಾಯುವುದೂ ಸರಿಯೇ. ಆದರೆ ಆ ತೀರ್ಮಾನ ಗಡ್ಡೆಯ ಗಾತ್ರ, ಅದು ಬೆಳೆಯುವ ವೇಗ ಮತ್ತು ರೋಗಿಯ ಶಕ್ತಿ ನೋಡಿ ಆಗಬೇಕು. ಮುಂದೆಂದೋ ಬರುವ ಔಷಧಿಯನ್ನು ನೆಚ್ಚಿಕೊಂಡಲ್ಲ.

ಕ್ಯಾನ್ಸರ್ ಹರಡಿದವರಿಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಛೂ ಬಿಡುವ ಇಮ್ಯುನೊಥೆರಪಿ ಇದೆ, ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಮಾತ್ರೆಗಳಿವೆ. ಅವು ಸೋತಾಗ, ಕೆಲವೊಮ್ಮೆ ಅದಕ್ಕೂ ಮುಂಚೆಯೇ, ಹೊಸ ಔಷಧಿಯ ಟ್ರಯಲ್ ಬಗ್ಗೆ ಕೇಳಿ. ಆ ಟ್ರಯಲ್‌ನ ಕಾಗದ ತನ್ನಿ, ಜೊತೆಗೆ ಕೂತು ಓದೋಣ. ಯಾವ ಹಂತದ ಟ್ರಯಲ್ ಅನ್ನುವುದನ್ನು ಮೊದಲು ನೋಡಿ. ಮೊದಲ ಹಂತದಲ್ಲಿ ಮುಖ್ಯವಾಗಿ ಪರೀಕ್ಷಿಸುವುದು, ದೇಹ ಎಷ್ಟು ಡೋಸ್ ತಡೆದುಕೊಳ್ಳುತ್ತದೆ ಎಂಬುದನ್ನು.